ಕುಂಕುಮ ನೀರಲ್ಲಿ ಕಿಟ್ ಬಿಚ್ಚೋದು ಕಲಿತೆ

ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಪೂರ್ತಿ ಪಿಪಿಇ ಕಿಟ್, ಅಂದರೆ ಸೋಂಕು ತಗುಲದ ಹಾಗೆ ಹಾಕೋ ರಕ್ಷಣಾ ಉಡುಪು, ಮೊದಲ ಸಲ ಹಾಕಿದ್ದು ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ. ನಮ್ಮೂರ ಬೇಸಿಗೆ ಗೊತ್ತಲ್ಲ, ಫ್ಯಾನ್ ಕೆಳಗೆ ಸುಮ್ನೆ ಕೂತರೂ ಬೆವರು ಇಳಿಯುತ್ತೆ. ಅದರಲ್ಲಿ ಮೈ ತುಂಬಾ ಕವರಾಲ್, ಎರಡು ಜೊತೆ ಗ್ಲೌಸ್, ಎನ್95 ಮಾಸ್ಕ್, ಗಾಗಲ್ಸ್. ಅರ್ಧ ಗಂಟೆಗೆಲ್ಲ ಗಾಗಲ್ಸ್ ಮಬ್ಬಾಗಿ ರೋಗಿಯ ಕೈ ನರವೇ ಕಾಣುತ್ತಿರಲಿಲ್ಲ, ಬೆರಳಲ್ಲಿ ತಡಕಾಡಿ ಡ್ರಿಪ್ ಹಾಕುತ್ತಿದ್ದೆ. ಮಧ್ಯೆ ಬಾತ್‌ರೂಮಿಗೆ ಹೋಗೋ ಹಾಗಿಲ್ಲ ಅಂತ ಬೆಳಿಗ್ಗೆಯಿಂದಲೇ ನೀರು ಕುಡಿಯುತ್ತಿರಲಿಲ್ಲ. ಎಂಥ ದಡ್ಡತನ! ಒಮ್ಮೆ ತಲೆ ಸುತ್ತಿ ಗೋಡೆ ಹಿಡಿದು ನಿಂತ ಮೇಲೆ ಬುದ್ಧಿ ಬಂತು.

ಹಾಕಿಕೊಳ್ಳುವುದರಲ್ಲಿ ನಾನು ತಪ್ಪಲಿಲ್ಲ, ಬಿಚ್ಚುವಾಗ ತಪ್ಪಿದೆ. ಆರು ಗಂಟೆ ಉಸಿರುಕಟ್ಟಿದ್ದಕ್ಕೋ ಏನೋ, ಹೊರಗೆ ಬಂದವಳೇ ಗ್ಲೌಸ್ ಇದ್ದ ಕೈಯಲ್ಲೇ ಮಾಸ್ಕ್ ಎಳೆದುಬಿಟ್ಟೆ. ಇನ್‌ಚಾರ್ಜ್ ಸಿಸ್ಟರ್ ನೋಡಿದರು. "ಏನ್ ಮಾಡಿದ್ಯವ್ವ? ವಾರ್ಡಿಂದ ತಂದಿದ್ದನ್ನೆಲ್ಲ ಮೂಗಿಗೇ ಒರೆಸ್ಕೊಂಡ್ಯಲ್ಲ!"

ಮಾರನೇ ದಿನ ಅವರೇ ಕುಂಕುಮ ಕಲಸಿದ ನೀರನ್ನು ನನ್ನ ಗ್ಲೌಸಿಗೆ, ಎದೆ ಭಾಗಕ್ಕೆ ಬಳಿದು ಬಿಚ್ಚು ಅಂದರು. ಬಿಚ್ಚಿ ಕನ್ನಡಿ ನೋಡಿದರೆ ಮಣಿಕಟ್ಟು, ಗದ್ದ ಎಲ್ಲ ಕೆಂಪು. ಕೆಂಪು ಹತ್ತಿದ ಕಡೆಯೆಲ್ಲ ರೋಗಾಣು ಹತ್ತಿದ ಹಾಗೆ. ಆಮೇಲೆ ಸರಿಯಾದ ಕ್ರಮ ಹೇಳಿಕೊಟ್ಟರು. ಮೊದಲು ಹೊರಗಿನ ಗ್ಲೌಸ್. ಆಮೇಲೆ ಗಾಗಲ್ಸ್, ಹಿಂದಿನ ಪಟ್ಟಿ ಹಿಡಿದು. ಕವರಾಲನ್ನು ಒಳಮೈ ಹೊರಗಾಗುವ ಹಾಗೆ ಸುತ್ತುತ್ತಾ ಇಳಿಸಬೇಕು, ಅದರ ಜೊತೆಗೇ ಒಳಗಿನ ಗ್ಲೌಸ್. ಮಾಸ್ಕ್ ಎಲ್ಲಕ್ಕಿಂತ ಕೊನೆಗೆ, ಮುಂಭಾಗ ಮುಟ್ಟದೆ. ಪ್ರತಿ ಹಂತಕ್ಕೂ ಸ್ಯಾನಿಟೈಸರ್, ಕಡೆಗೆ ಸೋಪಲ್ಲಿ ಕೈತೊಳೆಯೋದು. ನಾಲ್ಕನೇ ಸಲಕ್ಕೆ ಕೆಂಪು ಹತ್ತಲಿಲ್ಲ.

ಈಗ ಕವರಾಲ್ ಇಲ್ಲ, ಆದರೆ ಟಿಬಿ ರೋಗಿಗಳ ಹತ್ತಿರ ಹೋಗುವಾಗ ಎನ್95 ಬೇಕೇ ಬೇಕು. ಮಾಮೂಲಿ ಸರ್ಜಿಕಲ್ ಮಾಸ್ಕ್ ರೋಗಿಗೆ, ಕೆಮ್ಮಿದ್ದು ಹರಡದ ಹಾಗೆ. ಅದರ ಪಕ್ಕದಲ್ಲಿ ಸಂದಿ ಇರುತ್ತೆ, ನಮಗೆ ಸಾಲದು. ಎನ್95 ಹಾಕಿದ ಮೇಲೆ ಎರಡೂ ಕೈಯಿಂದ ಅದನ್ನು ಮುಚ್ಚಿ ಜೋರಾಗಿ ಉಸಿರು ಬಿಟ್ಟು ನೋಡಿ, ಕಣ್ಣಿನ ಕಡೆ ಗಾಳಿ ಬಂದರೆ ಮೂಗಿನ ಪಟ್ಟಿ ಸರಿ ಕೂತಿಲ್ಲ ಅಂತ. ಗಡ್ಡ ಇದ್ದರಂತೂ ಅದು ಮುಖಕ್ಕೆ ಹತ್ತೋದೇ ಇಲ್ಲ. ಇದನ್ನು ನಮ್ಮ ಬ್ರದರ್‌ಗಳಿಗೆ, ಅಂದರೆ ಗಂಡು ನರ್ಸ್‌ಗಳಿಗೆ ಹೇಳಿದರೆ ಮುಖ ಊದಿಸುತ್ತಾರೆ. ಗ್ಲೌಸ್ ಹಾಕಿಕೊಂಡೇ ಮೊಬೈಲ್ ತೆಗೆಯುವವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು.

ಹೊಸಬರು ಬಂದರೆ ಈಗ ಕುಂಕುಮದ ಡಬ್ಬಿ ನಾನು ತರುತ್ತೇನೆ. ಮೊನ್ನೆ ಒಬ್ಬನಿಗೆ ಕಿವಿ ಹಿಂದೆ ಕೆಂಪು ಸಿಕ್ಕಿತು. ಅಲ್ಲಿಗೆ ಹೇಗೆ ಹೋಯ್ತು ಅಂತ ಅವನಿಗೂ ಗೊತ್ತಿಲ್ಲ.