ಮುಂಬಯಿ ಫ್ಲ್ಯಾಟಿನಲ್ಲಿ ಭಜನೆ ರೆಕಾರ್ಡಿಂಗ್: ಯುಎಸ್‌ಬಿ ಇಂಟರ್‌ಫೇಸ್, ಫೇಡರ್ ಪೆಟ್ಟಿಗೆ, ರೀಪರ್ ಜೋಡಿಸುವ ಕ್ರಮ

ಡೊಂಬಿವಲಿಯ ಫ್ಲ್ಯಾಟಿರಲಿ, ಮಾಟುಂಗದ ಹಳೆಯ ಕಟ್ಟಡದ ಹಾಲ್ ಇರಲಿ, ಭಜನೆ ರೆಕಾರ್ಡ್ ಮಾಡಲು ಬೇಕಾದ ಸಾಮಾನು ಈಗ ಒಂದೇ ಚೀಲದಲ್ಲಿ ಹಿಡಿಯುತ್ತದೆ. ಲ್ಯಾಪ್‌ಟಾಪ್, ಎರಡು ಮೈಕ್ ಸಿಕ್ಕಿಸಬಹುದಾದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಎಂಟು ಫೇಡರ್‌ಗಳ, ಅಂದರೆ ದನಿಯ ಮಟ್ಟ ಏರಿಳಿಸುವ ಜಾರುಗುಂಡಿಗಳ ಕಂಟ್ರೋಲ್ ಸರ್ಫೇಸ್ (ಇದೇ ಫೇಡರ್ ಪೆಟ್ಟಿಗೆ), ಮುದ್ರಣಕ್ಕೆ ರೀಪರ್ ಸಾಫ್ಟ್‌ವೇರ್, ಒಂದು ಒಳ್ಳೆಯ ಹೆಡ್‌ಫೋನ್. ಎಲ್ಲವನ್ನೂ ಒಂದೇ ಸಲ ಸಿಕ್ಕಿಸಿದರೆ ಕೆಟ್ಟದ್ದು ಎಲ್ಲಿ ಎಂದು ಹುಡುಕುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಮೊದಲು ಇಂಟರ್‌ಫೇಸ್ ಒಂದನ್ನೇ ಜೋಡಿಸಿ. ದನಿ ಒಳಗೆ ಹೋಗಿ ಹೊರಗೆ ಬಂತು ಎಂದು ಖಾತ್ರಿಯಾದ ಮೇಲೆ ಫೇಡರ್ ಪೆಟ್ಟಿಗೆಗೆ ಕೈ ಹಾಕಿ.

ಹೊಸಬರು ಹೆಚ್ಚಾಗಿ ಎಡವುವುದು ಒಂದು ಕಡೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ದನಿ ಹರಿಯುವುದು ಇಂಟರ್‌ಫೇಸಿನಲ್ಲಿ ಮಾತ್ರ. ಕಂಟ್ರೋಲ್ ಸರ್ಫೇಸಿನೊಳಗೆ ದನಿಯೇ ಇಲ್ಲ, ಅದು ಸಾಫ್ಟ್‌ವೇರಿಗೆ ಮಿಡಿ ಸಂದೇಶಗಳನ್ನು (ಯಾವ ಗುಂಡಿ ಒತ್ತಿದಿರಿ, ಫೇಡರ್ ಎಷ್ಟು ಸರಿಯಿತು ಎಂಬ ಸೂಚನೆಗಳನ್ನು) ಕಳಿಸುತ್ತದೆ ಅಷ್ಟೆ. ಹಾಡುವ ಹೊತ್ತಿನಲ್ಲಿ ಫೇಡರ್ ಇಳಿಸಿದರೆ ಕಿವಿಗೆ ಬರುವ ದನಿ ತಗ್ಗುತ್ತದೆ, ಡಿಸ್ಕಿಗೆ ಬರೆಯುತ್ತಿರುವ ಮಟ್ಟ ಹಾಗೇ ಇರುತ್ತದೆ. ಅದನ್ನು ನಿರ್ಧರಿಸುವುದು ಇಂಟರ್‌ಫೇಸಿನ ಮುಖದ ಮೇಲಿರುವ, ಮೈಕಿನ ದನಿಯನ್ನು ಹಿಗ್ಗಿಸುವ ಗೇನ್ ತಿರುಗುಣಿ. ಅಲ್ಲಿ ಒಡೆದ ದನಿಯನ್ನು ಆಮೇಲೆ ಯಾವ ಫೇಡರೂ ಕೂಡಿಸಲಾರದು.

ಕೇಬಲ್ ಮತ್ತು ಡ್ರೈವರ್

ಇಂಟರ್‌ಫೇಸಿನ ಜೊತೆ ಬಂದ ಯುಎಸ್‌ಬಿ ಕೇಬಲನ್ನೇ ಬಳಸಿ. ಕಳೆದುಹೋಗಿ ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕಾಗಿ ಬಂದರೆ ‘ಡೇಟಾ ಕೇಬಲ್’ ಎಂದೇ ಕೇಳಿ. ಚಾರ್ಜಿಂಗಿಗೆ ಮಾತ್ರ ಮಾಡಿದ ಟೈಪ್-ಸಿ ಕೇಬಲಿನಲ್ಲಿ ಇಂಟರ್‌ಫೇಸಿನ ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದೇ ಇಲ್ಲ. ಎರಡು ಮೀಟರಿಗಿಂತ ಉದ್ದ ಬೇಡ.

ಇಂಟರ್‌ಫೇಸನ್ನು ಹಬ್‌ಗೆ ಸಿಕ್ಕಿಸಬೇಡಿ, ನೇರ ಲ್ಯಾಪ್‌ಟಾಪಿನ ಪೋರ್ಟಿಗೇ ಕೊಡಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಮೌಸ್, ಪೆನ್‌ಡ್ರೈವ್, ಫೇಡರ್ ಪೆಟ್ಟಿಗೆ ಎಲ್ಲ ಅದನ್ನೇ ಹಂಚಿಕೊಳ್ಳಬೇಕು. ಹೊರಗಿನ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನ 48 ವೋಲ್ಟ್ ಹಾಕಿದ ತಕ್ಷಣ ದನಿ ತುಂಡು ತುಂಡಾದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ವಿಂಡೋಸ್‌ನಲ್ಲಿ ತಯಾರಕರ ಏಸಿಯೋ ಡ್ರೈವರನ್ನು (ದನಿಯನ್ನು ಕಡಿಮೆ ವಿಳಂಬದಲ್ಲಿ ಸಾಗಿಸುವ ತಂತ್ರಾಂಶವನ್ನು) ಅವರ ಜಾಲತಾಣದಿಂದ ಇಳಿಸಿ ಮೊದಲು ಹಾಕಿ, ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಆಮೇಲೆ ಇಂಟರ್‌ಫೇಸ್ ಸಿಕ್ಕಿಸಿ. ಏಸಿಯೋ4ಆಲ್ ಎಂಬುದು ಸ್ವಂತ ಡ್ರೈವರ್ ಇಲ್ಲದವುಗಳಿಗೆ ಇರುವ ಬದಲಿ ದಾರಿ. ಸ್ವಂತದ್ದು ಇರುವಾಗ ಅದು ಬೇಡ. ಮ್ಯಾಕ್‌ನಲ್ಲಿ ಬಹುತೇಕ ಇಂಟರ್‌ಫೇಸ್‌ಗಳಿಗೆ ಡ್ರೈವರ್ ಬೇಕಾಗುವುದಿಲ್ಲ, ಆದರೆ ರೀಪರ್ ಮೊದಲ ಸಲ ಮೈಕ್ರೊಫೋನ್ ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಬೇಡ’ ಒತ್ತಿದರೆ ಎಲ್ಲ ಸರಿಯಿದ್ದೂ ಮೀಟರ್ ಅಲುಗುವುದಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ ಅನುಮತಿ ಕೊಟ್ಟರೆ ಸರಿಹೋಗುತ್ತದೆ.

ಕೊಳ್ಳುವ ಮುಂಚೆ ಇನ್‌ಪುಟ್ ಎಷ್ಟು ಬೇಕೆಂದು ಲೆಕ್ಕ ಹಾಕಿ. ಒಬ್ಬರ ಗಾಯನ ಮತ್ತು ಹಾರ್ಮೋನಿಯಂಗೆ ಎರಡು ಸಾಕು. ತಾಳಮದ್ದಳೆಗೆ ಸಾಲದು. ಭಾಗವತರು, ಮದ್ದಳೆ, ಇಬ್ಬರು ಅರ್ಥಧಾರಿಗಳು ಎಂದರೇ ನಾಲ್ಕಾಯಿತು, ಚೆಂಡೆ ಸೇರಿದರೆ ಎಂಟರ ಪೆಟ್ಟಿಗೆಯೇ ಬೇಕು. ‘ಎರಡರದ್ದು ಇದೆ, ಅಂಥದೇ ಇನ್ನೊಂದು ತಂದರಾಯಿತು’ ಎಂಬ ಲೆಕ್ಕ ವಿಂಡೋಸ್‌ನಲ್ಲಿ ನಡೆಯುವುದಿಲ್ಲ, ರೀಪರ್ ಒಂದು ಸಲಕ್ಕೆ ಒಂದೇ ಏಸಿಯೋ ಡ್ರೈವರ್ ತೆರೆಯುತ್ತದೆ.

ರೀಪರಿನಲ್ಲಿ

ರೀಪರನ್ನು 60 ದಿನ ಪೂರ್ಣ ರೂಪದಲ್ಲಿ ಬಳಸಿ ನೋಡಬಹುದು. ಆಮೇಲೆ ಮನೆಬಳಕೆಯ ಲೈಸೆನ್ಸಿಗೆ 60 ಡಾಲರ್. ಆಪ್ಷನ್ಸ್ ಮೆನುವಿನಿಂದ ಪ್ರಿಫರೆನ್ಸಸ್ ತೆರೆದು, ಆಡಿಯೋ ಕೆಳಗಿನ ಡಿವೈಸ್ ಪುಟಕ್ಕೆ ಹೋಗಿ. ವಿಂಡೋಸ್ ಆದರೆ ಆಡಿಯೋ ಸಿಸ್ಟಮ್ ಏಸಿಯೋ, ಡ್ರೈವರ್ ನಿಮ್ಮ ಇಂಟರ್‌ಫೇಸಿನದು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬುದು) 48000. ‘ರಿಕ್ವೆಸ್ಟ್ ಸ್ಯಾಂಪಲ್ ರೇಟ್’ ಮುಂದಿನ ಚೌಕಕ್ಕೆ ಗುರುತು ಹಾಕಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲೂ ಇದೇ 48000 ಇರಲಿ. ಇಲ್ಲದಿದ್ದರೆ ಬ್ರೌಸರಿನಲ್ಲಿ ಒಂದು ಹಾಡು ಹಾಕಿದ್ದೇ ನೆಪವಾಗಿ ಎರಡೂ ಜಗ್ಗಾಡಬಹುದು.

ಸ್ಯಾಂಪಲ್ ರೇಟ್ ತಪ್ಪಿದರೆ ಅದನ್ನು ಕಿವಿಯಿಂದಲೇ ಹಿಡಿಯಬಹುದು. 44100ರಲ್ಲಿ ಮುದ್ರಿಸಿದ್ದನ್ನು ಯಂತ್ರ 48000ದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಮನೆ ಏರುತ್ತದೆ. ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ, ಹಾರ್ಮೋನಿಯಂನ ಯಾವ ಮನೆಗೂ ಕೂರುವುದಿಲ್ಲ. ಹೀಗೆ ಕೇಳಿದರೆ ಗಾಯಕರನ್ನು ದೂರಬೇಡಿ, ಸೆಟ್ಟಿಂಗ್ ನೋಡಿ.

ಬಫರನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕನ್ನು, ಹಾಡುವಾಗ 128, ಮಿಕ್ಸಿಂಗ್ ಮಾಡುವಾಗ 512 ಸ್ಯಾಂಪಲ್ ಇಡಿ. 48000ದಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್, 512 ಎಂದರೆ 10.7. ಹೋಗಿಬರುವ ಒಟ್ಟು ವಿಳಂಬ ಇದರ ಎರಡರಷ್ಟು, ಮೇಲಿಷ್ಟು ಡ್ರೈವರಿನ ಪಾಲು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ ಹತ್ತು ಮಿಲಿಸೆಕೆಂಡ್ ವಿಳಂಬ ಎಂದರೆ ತಬಲಾದವರು ಮೂರೂವರೆ ಮೀಟರ್ ದೂರ ಕೂತಂತೆ. ಇಪ್ಪತ್ತು ದಾಟಿದರೆ ಲಯ ಜಾರುವುದು ಗೊತ್ತಾಗುತ್ತದೆ. 128ರಲ್ಲಿ ಪಟಪಟ ಸದ್ದು ಬಂದರೆ 256ಕ್ಕೆ ಏರಿಸಿ, ವಿಂಡೋಸ್ ಪವರ್ ಪ್ಲಾನಿನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ.

ವಿಳಂಬವನ್ನು ಪೂರ್ತಿ ತಪ್ಪಿಸುವ ದಾರಿ ಡೈರೆಕ್ಟ್ ಮಾನಿಟರ್. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಸುತ್ತಿಬರದೆ ಇಂಟರ್‌ಫೇಸಿನಿಂದಲೇ ಹೆಡ್‌ಫೋನಿಗೆ ಬರುತ್ತದೆ. ಆಗ ರೀಪರಿನ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾನಿಟರಿಂಗ್ ಆಫ್ ಇರಬೇಕು. ಎರಡೂ ಆನ್ ಇದ್ದರೆ ಗಾಯಕರಿಗೆ ತಮ್ಮ ದನಿ ಜೋಡಿಯಾಗಿ ಕೇಳಿ ಶ್ರುತಿ ಹಿಡಿಯುವುದೇ ಕಷ್ಟವಾಗುತ್ತದೆ.

ಟ್ರ್ಯಾಕ್ ಸೇರಿಸಿ ಕೆಂಪು ಗುಂಡಿ ಒತ್ತಿ, ಇನ್‌ಪುಟ್ ಪಟ್ಟಿಯಲ್ಲಿ ‘ಮೋನೋ, ಇನ್‌ಪುಟ್ 1’ ಆರಿಸಿ. ಒಂದೇ ಮೈಕಿಗೆ ಸ್ಟೀರಿಯೋ ಆರಿಸಿದರೆ ದನಿ ಎಡಕಿವಿಗೆ ಮಾತ್ರ ಬರುತ್ತದೆ, ಜನ ಹೆಡ್‌ಫೋನ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮುದ್ರಣ 24 ಬಿಟ್‌ನಲ್ಲಿರಲಿ. ಒಂದು ಮೋನೋ ಟ್ರ್ಯಾಕ್ ಗಂಟೆಗೆ ಸುಮಾರು 520 ಎಂಬಿ ತಿನ್ನುತ್ತದೆ, ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ.

ಗೇನ್

ಇಲ್ಲಿ ನಿಧಾನಿಸಿ, ಉಳಿದೆಲ್ಲವೂ ಇದರ ಮೇಲೇ ನಿಂತಿದೆ. ಗೇನ್ ಪೂರ್ತಿ ಇಳಿಸಿ ಮೈಕ್ ಸಿಕ್ಕಿಸಿ. ಕಂಡೆನ್ಸರ್ ಆದರೆ ಸ್ಪೀಕರ್ ತಗ್ಗಿಸಿ, 48 ವೋಲ್ಟ್ ಒತ್ತಿ, ಐದಾರು ಸೆಕೆಂಡ್ ಬಿಡಿ. ಮೈಕ್ ಬಾಯಿಯಿಂದ ಒಂದು ಗೇಣು ದೂರವಿರಲಿ.

ಗಾಯಕರಿಗೆ ‘ಹಲೋ ಹಲೋ’ ಹೇಳಲು ಹೇಳಬೇಡಿ, ಆ ಮಟ್ಟ ಯಾವ ಕೆಲಸಕ್ಕೂ ಬಾರದು. ಭಜನೆಯ ಕೊನೆಯಲ್ಲಿ ಲಯ ಏರಿ ಎಲ್ಲರೂ ತಾರಸ್ಥಾಯಿಯಲ್ಲಿ ‘ವಿಠ್ಠಲ ವಿಠ್ಠಲ’ ಎಂದು ಕೂಗುತ್ತಾರಲ್ಲ, ಅದನ್ನೇ ತಾಳ ಹಾಕಿಸಿ ಹಾಡಿಸಿ. ಆಗ ಗೇನನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ರೀಪರಿನ ಮೀಟರ್ ನೋಡಿ. ತುದಿ ಮೈನಸ್ 12 ಡೆಸಿಬೆಲ್ ಮುಟ್ಟಿದಾಗ ನಿಲ್ಲಿಸಿ. ವಿಲಂಬಿತದಲ್ಲಿ ಮೀಟರ್ ಮೈನಸ್ 20ರ ಆಸುಪಾಸು ಆಡುತ್ತದೆ, ಅಷ್ಟು ಕಡಿಮೆಯೇ ಎಂದು ಹೆದರಬೇಡಿ. 24 ಬಿಟ್‌ನಲ್ಲಿ ಅದನ್ನು ಆಮೇಲೆ ಎತ್ತಿದರೂ ಗದ್ದಲ ಏಳುವುದಿಲ್ಲ. ಸ್ಕಾರ್ಲೆಟ್‌ನಂಥ ಇಂಟರ್‌ಫೇಸ್‌ಗಳಲ್ಲಿ ತಿರುಗುಣಿಯ ಸುತ್ತಲ ದೀಪ ಹಸಿರಾಗಿರಬೇಕು. ಕೆಂಪು ಮಿನುಗಿದರೆ ಆ ಟೇಕ್ ಬಿಡಿ, ಗೇನ್ ಇಳಿಸಿ ಮತ್ತೆ ಹಾಡಿಸಿ.

ಚೆಂಡೆಗೆ ಇಂಟರ್‌ಫೇಸಿನಲ್ಲಿ ಒಳಬರುವ ಮಟ್ಟ ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಒತ್ತಿ, ಡೈನಾಮಿಕ್ ಮೈಕನ್ನು ಒಂದು ಮೀಟರ್ ದೂರವಿಡಿ. ಎಲೆಕ್ಟ್ರಾನಿಕ್ ತಂಬೂರಿಯನ್ನು ಮೈಕಿನ ಮುಂದೆ ಇಡದೆ ಲೈನ್ ಇನ್‌ಪುಟ್ಟಿಗೆ ಕೊಟ್ಟು ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿ. ಗಾಯನದ ಟ್ರ್ಯಾಕಿನಲ್ಲಿ ಕಲಸಿಹೋದ ತಂಬೂರಿಯನ್ನು ಬೇರ್ಪಡಿಸಲಾಗದು.

ಹಮ್ ಬಂದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ನೋಡಿ. ನಿಂತರೆ ತಪ್ಪು ಅರ್ಥಿಂಗಿನದು. ಮೂರು ಪಿನ್ನಿನ ಚಾರ್ಜರನ್ನೂ ಸ್ಪೀಕರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಆಗಲೂ ನಿಲ್ಲದಿದ್ದರೆ ಬ್ಯಾಟರಿಯಲ್ಲೇ ಮುದ್ರಿಸಿ. ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವವರಿದ್ದಾರೆ. ಎಂದಿಗೂ ಮಾಡಬೇಡಿ, ಜೀವಕ್ಕೆ ಅಪಾಯ. ಚಾರ್ಜರ್ ತೆಗೆದರೂ ಗುಂಯ್ ಎನ್ನುತ್ತಿದ್ದರೆ ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಿ ನೋಡಿ. ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ವೇಗ ತಗ್ಗಿಸುವ ರೆಗ್ಯುಲೇಟರ್‌ಗಳು ಮೈಕ್ ಕೇಬಲಿಗೆ ಸದ್ದು ತುಂಬುತ್ತವೆ. ಲೋಕಲ್ ಟ್ರೇನಿನ ಗುಡುಗಿಗೆ ಆಮೇಲೆ 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ ಹಾಕಿದರೆ ಬಹುಪಾಲು ಹೋಗುತ್ತದೆ, ಹಾರ್ನ್ ಹೋಗುವುದಿಲ್ಲ.

ಫೇಡರ್ ಪೆಟ್ಟಿಗೆ

ಈಗ ರೀಪರ್ ಮುಚ್ಚಿ, ಕಂಟ್ರೋಲ್ ಸರ್ಫೇಸ್ ಸಿಕ್ಕಿಸಿ. ಮೋಟಾರ್ ಫೇಡರ್ (ತಾನೇ ಸರಿಯುವಂಥದು) ಇರುವುದಾದರೆ ಅದರ ಸ್ವಂತ ವಿದ್ಯುತ್ ಕೇಬಲ್ ಕೊಡಿ. ಇದನ್ನು ಅಡಾಪ್ಟರ್ ಇರುವ ಹಬ್‌ಗೆ ಹಾಕಿದರೆ ತೊಂದರೆಯಿಲ್ಲ.

ಈ ಪೆಟ್ಟಿಗೆಗಳು ಒಂದಕ್ಕಿಂತ ಹೆಚ್ಚು ಭಾಷೆ ಮಾತಾಡುತ್ತವೆ. ಪ್ರೋ ಟೂಲ್ಸ್ ಎಂಬ ಇನ್ನೊಂದು ಸಾಫ್ಟ್‌ವೇರಿಗೆ ಹುಯಿ, ರೀಪರಿಗೆ ಮ್ಯಾಕಿ ಕಂಟ್ರೋಲ್ (ಎಂಸಿ). ಬೆಹ್ರಿಂಗರ್ ಎಕ್ಸ್-ಟಚ್‌ನಲ್ಲಿ ಮೊದಲ ಚಾನೆಲ್ಲಿನ ಸೆಲೆಕ್ಟ್ ಗುಂಡಿ ಒತ್ತಿಹಿಡಿದು ಪವರ್ ಆನ್ ಮಾಡಿದರೆ ಆಯ್ಕೆ ತೆರೆಯುತ್ತದೆ, ಅಲ್ಲಿ ಎಂಸಿ ಮತ್ತು ಯುಎಸ್‌ಬಿ ಇಡಿ. ಬೇರೆ ಮಾದರಿಗಳಲ್ಲಿ ಗುಂಡಿ ಬೇರೆ, ಕೈಪಿಡಿ ನೋಡಿ.

ರೀಪರ್ ಪ್ರಿಫರೆನ್ಸಸ್‌ನ ಕೆಳಭಾಗದ ಕಂಟ್ರೋಲ್ ಪುಟದಲ್ಲಿ ‘ಆಡ್’ ಒತ್ತಿ ‘ಮ್ಯಾಕಿ ಕಂಟ್ರೋಲ್ ಯುನಿವರ್ಸಲ್’ ಆರಿಸಿ. ಮಿಡಿ ಇನ್‌ಪುಟ್, ಮಿಡಿ ಔಟ್‌ಪುಟ್ ಎರಡಕ್ಕೂ ಅದೇ ಪೆಟ್ಟಿಗೆಯ ಹೆಸರು ಬರಲಿ. ಔಟ್‌ಪುಟ್ ಬಿಟ್ಟರೆ ನೀವು ಸರಿಸಿದ್ದು ತೆರೆಯ ಮೇಲೆ ಕಾಣುತ್ತದೆ, ಮೋಟಾರ್ ಮಾತ್ರ ಕದಲುವುದಿಲ್ಲ. ಇನ್‌ಪುಟ್ ಬಿಟ್ಟರೆ ಇದರ ತಿರುವುಮುರುವು.

ಒಂದು ವಿಚಿತ್ರ ತೊಂದರೆ ಆಗಾಗ ಕಾಣುತ್ತದೆ. ಫೇಡರ್ ಮುಟ್ಟಿದರೆ ಸಾಫ್ಟ್‌ವೇರ್ ಸ್ವರಮಂಡಲದ ಶ್ರುತಿ ಬಾಗುತ್ತದೆ, ಪ್ಲೇ ಒತ್ತಿದರೆ ಒಂದು ಕೀಚು ಸ್ವರ ಹೊರಡುತ್ತದೆ. ಮ್ಯಾಕಿ ಭಾಷೆಯಲ್ಲಿ ಫೇಡರ್ ಚಲನೆ ಹೋಗುವುದು ಪಿಚ್ ಬೆಂಡ್ ಸಂದೇಶವಾಗಿ, ಗುಂಡಿಗಳು ನೋಟ್ ಸಂದೇಶವಾಗಿ. ಪ್ಲೇ ಎಂದರೆ 94ನೆಯ ನೋಟ್. ಆ ವಾದ್ಯದ ಟ್ರ್ಯಾಕಿಗೆ ‘ಎಲ್ಲ ಮಿಡಿ ಇನ್‌ಪುಟ್’ ಎಂದು ಕೊಟ್ಟಿದ್ದರೆ ಅದು ಇವನ್ನೂ ನುಡಿಸುತ್ತದೆ. ಟ್ರ್ಯಾಕಿನ ಇನ್‌ಪುಟ್ಟಿಗೆ ನಿಮ್ಮ ಕೀಬೋರ್ಡನ್ನು ಮಾತ್ರ ಆರಿಸಿ, ಮಿಡಿ ಡಿವೈಸಸ್ ಪುಟದಲ್ಲಿ ಸರ್ಫೇಸಿನ ಇನ್‌ಪುಟ್ ಆಫ್ ಮಾಡಿ.

ಮೋಟಾರಿಲ್ಲದ ನ್ಯಾನೋಕಂಟ್ರೋಲ್ 2ರಂಥ ಅಗ್ಗದ ಪೆಟ್ಟಿಗೆಯೂ ಒಳ್ಳೆಯದೇ. ಆದರೆ ಅದರ ಫೇಡರ್ ಒಂದೆಡೆ, ತೆರೆಯ ಮೇಲಿನದು ಇನ್ನೊಂದೆಡೆ ಇದ್ದು, ಮುಟ್ಟಿದೊಡನೆ ಮಟ್ಟ ಜಿಗಿಯುತ್ತದೆ. ಮಿಡಿ ಲರ್ನ್ (ಫೇಡರ್ ಸರಿಸಿ ಅದನ್ನು ಗುರುತಿಸಲು ರೀಪರಿಗೆ ಕಲಿಸುವ ದಾರಿ) ಮೂಲಕ ಜೋಡಿಸಿದ್ದರೆ ‘ಸಾಫ್ಟ್ ಟೇಕೋವರ್’ ಗುರುತು ಹಾಕಿ. ಫೇಡರ್ ಆ ಜಾಗ ದಾಟಿದ ಮೇಲಷ್ಟೇ ಹಿಡಿತ ಸಿಗುತ್ತದೆ.

ಫೇಡರಿನ ನಿಜವಾದ ಬೆಲೆ ತಿಳಿಯುವುದು ಮಿಕ್ಸಿಂಗಿನಲ್ಲಿ. ಗಾಯನದ ಟ್ರ್ಯಾಕನ್ನು ಟಚ್ ಆಟೋಮೇಷನ್‌ಗೆ (ಫೇಡರ್ ಮುಟ್ಟಿರುವಷ್ಟು ಹೊತ್ತು ಮಾತ್ರ ಅದರ ಚಲನೆಯನ್ನು ಬರೆದಿಡುವ ಮೋಡ್) ಇಟ್ಟು ಹಾಡನ್ನು ಮೊದಲಿನಿಂದ ನುಡಿಸಿ. ಮುಖ್ಯ ಗಾಯಕರು ಸಾಹಿತ್ಯದ ಕೊನೆಯ ಅಕ್ಷರ ನುಂಗುವಲ್ಲಿ ಒಂದೆರಡು ಡೆಸಿಬೆಲ್ ಎತ್ತಿ. ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳುವಲ್ಲಿ ಅವರ ಟ್ರ್ಯಾಕನ್ನು ಮೂರು ಡೆಸಿಬೆಲ್ ಇಳಿಸಿ, ಅದನ್ನೂ ಟಚ್‌ನಲ್ಲೇ ಇಟ್ಟು. ಬೆರಳು ತೆಗೆದೊಡನೆ ಮೋಟಾರ್ ಫೇಡರನ್ನು ಹಳೆಯ ಜಾಗಕ್ಕೆ ತರುತ್ತದೆ. ‘ರೈಟ್’ ಮೋಡ್ ಬೇಡ, ನೀವು ಏನೂ ಮುಟ್ಟದಿದ್ದರೂ ಅದು ಹಿಂದಿನ ಶ್ರಮವನ್ನೆಲ್ಲ ಅಳಿಸಿ ಬರೆಯುತ್ತದೆ. ಸ್ಪರ್ಶ ಗುರುತಿಸುವ ಫೇಡರಿಗೆ ಬರಿಬೆರಳೇ ಬೇಕು, ಪೆನ್ನಿನ ತುದಿಯಿಂದ ತಳ್ಳಿದರೆ ಮೋಟಾರ್ ಎದುರು ತಳ್ಳುತ್ತದೆ.

ಮುಗಿಸುವಾಗ ಮೊದಲು ಸ್ಪೀಕರ್ ಆಫ್, ಗೇನ್ ಕೆಳಗೆ, 48 ವೋಲ್ಟ್ ಆಫ್, ಆಮೇಲೆ ಮೈಕ್ ಕಳಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಂಡೆನ್ಸರ್ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿಮುಚ್ಚಳದ ಡಬ್ಬದಲ್ಲಿಡಿ. ತೇವ ಕೂತ ಕ್ಯಾಪ್ಸೂಲ್ ಚಿಟಿಚಿಟಿ ಎನ್ನುತ್ತದೆ. ಫೇಡರ್‌ಗಳ ಸೀಳಿನಲ್ಲಿ ಧೂಳು ಇಳಿಯದಂತೆ ಪೆಟ್ಟಿಗೆಯ ಮೇಲೆ ಒಣಗಿದ ಹತ್ತಿಬಟ್ಟೆ ಹೊದಿಸಿ.