ಒಂದೇ ಪ್ರಿಂಟಲ್ಲಿ ಜಿಲ್ಲೆ ಸುತ್ತಿದ ನಮ್ಮ ಹಂಚಿಕೆ ಆಫೀಸು

ಗಾಂಧಿನಗರದ ಸಿನಿಮಾದವರ ಲೆಕ್ಕದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿ ಒಂದೇ ಏರಿಯಾ. ಹೆಸರು ಬಿಕೆಟಿ. ಒಂದು ಸಿನಿಮಾದ ಹಂಚಿಕೆ ಹಕ್ಕನ್ನು ಅಷ್ಟೂ ಏರಿಯಾಗೆ ಕೊಳ್ಳುವಷ್ಟು ದುಡ್ಡು ನಮ್ಮಂಥವರಿಗೆ ಎಲ್ಲಿಂದ ಬರಬೇಕು? ನಾನು, ನನ್ನ ಪಾರ್ಟ್ನರ್ ಇಬ್ಬರೂ ತುಮಕೂರಿನವರು. ದೊಡ್ಡ ಹಂಚಿಕೆದಾರರ ಹತ್ತಿರ ನಮ್ಮ ಜಿಲ್ಲೆಯನ್ನಷ್ಟೇ ಕೇಳುತ್ತಿದ್ದೆವು. ಅದೂ ಬೆಂಗಳೂರಲ್ಲಿ ಓಡಿ ಮುಗಿದ ಮೇಲೆ.

ನಮ್ಮ ಲಾಭವೆಲ್ಲ ಜನರ ಕಾಯುವಿಕೆಯಲ್ಲಿತ್ತು. ಎರಡೂವರೆ ಗಂಟೆಯ ಸಿನಿಮಾಗೆ 35 ಎಂಎಂ ಫಿಲಂ ಸುಮಾರು 13,500 ಅಡಿ ಬೇಕು. ಅಷ್ಟು ದುಬಾರಿ ಪ್ರಿಂಟನ್ನು ಊರೂರಿಗೆ ಯಾರು ಹಾಕಿಸುತ್ತಾರೆ? ಹಾಗಾಗಿ ಒಂದೇ ಪ್ರಿಂಟು ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ, ಶಿರಾ, ಮಧುಗಿರಿ ಅಂತ ಸುತ್ತುತ್ತಿತ್ತು. ಕೊನೆಯ ಊರಿಗೆ ಹೋಗುವಷ್ಟರಲ್ಲಿ ಪರದೆ ಮೇಲೆ ಮಳೆ ಸುರಿದ ಹಾಗೆ ಗೆರೆಗಳು. ಜನ ಬೈಯುತ್ತಿದ್ದರು, ಆದರೂ ಬರುತ್ತಿದ್ದರು.

ಯಾವ ಊರಿಗೆ ಯಾವಾಗ ಪ್ರಿಂಟಿನ ಪೆಟ್ಟಿಗೆ ಕಳಿಸಬೇಕು ಅನ್ನೋದೇ ವ್ಯಾಪಾರದ ಗುಟ್ಟು. ತಿಪಟೂರಲ್ಲಿ ಕೊಬ್ಬರಿ ರೇಟು ನೋಡುತ್ತಿದ್ದೆವು. ರೇಟು ಚೆನ್ನಾಗಿದ್ದರೆ ಬಾಲ್ಕನಿ ತುಂಬುತ್ತಿತ್ತು. ಮಧುಗಿರಿಗೆ ಜಾತ್ರೆ ಹೊತ್ತಿಗೆ. ಪಾವಗಡದ ಕಥೆಯೇ ಬೇರೆ. ಸುತ್ತ ಆಂಧ್ರ, ಅಲ್ಲಿನವರಿಗೆ ತೆಲುಗು ಸಿನಿಮಾ ಜಾಸ್ತಿ ಇಷ್ಟ. ದೊಡ್ಡ ಹೀರೋ ಇಲ್ಲದ ಕನ್ನಡ ಸಿನಿಮಾ ಭಾನುವಾರ ದಾಟಿದರೆ ಅದೇ ಪುಣ್ಯ.

ಟಾಕೀಸಿನವರ ಜತೆ ಕಲೆಕ್ಷನ್‌ನಲ್ಲಿ ಪರ್ಸೆಂಟೇಜ್ ಲೆಕ್ಕ. ಅದಕ್ಕೇ ಪ್ರತಿ ಊರಲ್ಲೂ ನಮ್ಮ ರೆಪ್ರೆಸೆಂಟೇಟಿವ್ ಒಬ್ಬ ಇರಬೇಕಿತ್ತು. ಒಂದು ಕಡೆ ಗೇಟಲ್ಲಿ ಹರಿಯದೆ ಉಳಿಸಿದ ಟಿಕೆಟುಗಳು ಮತ್ತೆ ಮಾರೋಕೆ ವಾಪಸ್ ಕೌಂಟರಿಗೆ ಹೋಗುತ್ತಿದ್ದವು. ಹಿಡಿದಿದ್ದು ನಮ್ಮ ಹುಡುಗ. ದಿನದ ಕಲೆಕ್ಷನ್ ಬರೆಯುವ ಹಾಳೆಗೆ ಡಿಸಿಆರ್ ಅಂತಾರೆ. 'ಸ್ವಾಮಿ, ಸೀಟು ತುಂಬಿದೆ, ಡಿಸಿಆರ್‌ನಲ್ಲಿ ಅರ್ಧವೂ ಇಲ್ವಲ್ಲ' ಅಂದಿದ್ದಕ್ಕೆ ಮ್ಯಾನೇಜರ್ ಅವನಿಗೆ ಕಾಫಿ ತರಿಸಿಕೊಟ್ಟರಂತೆ!

ಆಮೇಲೆ ಉಪಗ್ರಹದ ಮೂಲಕ, ಹಾರ್ಡ್ ಡಿಸ್ಕ್ ಮೂಲಕ ಸಿನಿಮಾ ಬರತೊಡಗಿತು. ಹೀಗೆ ಡಿಜಿಟಲ್ ಆಗಿ ಸಿನಿಮಾ ತಲುಪಿಸುವ ಯುಎಫ್ಒ, ಕ್ಯೂಬ್ ಕಂಪನಿಗಳು ಬಂದಾಗ ಎಲ್ಲರೂ ಹೇಳಿದ್ದು ಒಂದೇ: ಪ್ರಿಂಟಿನ ಖರ್ಚು ಉಳಿಯಿತು, ಸಣ್ಣವರಿಗೆ ಒಳ್ಳೆಯದಾಯಿತು. ಖರ್ಚು ಉಳಿದಿದ್ದು ನಿಜ. ಆದರೆ ಬೆಂಗಳೂರಿನ ಶುಕ್ರವಾರವೇ ಶಿರಾದಲ್ಲೂ ರಿಲೀಸ್ ಆದರೆ ಎರಡನೇ ಸುತ್ತು ಎಲ್ಲಿಂದ ಬರುತ್ತೆ? ದೊಡ್ಡ ಹಂಚಿಕೆದಾರರು ಟಾಕೀಸುಗಳ ಜತೆ ನೇರವಾಗಿ ಮಾತಾಡಿಕೊಂಡರು. ನಮಗೆ ಉಳಿದಿದ್ದು ಅವರು ಬೇಡ ಅಂದ ಸಿನಿಮಾಗಳು. ಅಂಥ ಒಂದೆರಡಕ್ಕೆ ಎಂ.ಜಿ., ಅಂದರೆ ಮಿನಿಮಮ್ ಗ್ಯಾರಂಟಿ ದುಡ್ಡು ಮುಂಚೆಯೇ ಕಟ್ಟಿ, ಅಸಲೂ ಹುಟ್ಟಲಿಲ್ಲ. ಪೈರಸಿಯಿಂದಲೇ ಮುಳುಗಿದೆವು ಅಂತ ನಮ್ಮ ಕಸುಬಿನವರು ಈಗಲೂ ಹೇಳುತ್ತಾರೆ. ನಾನು ಒಪ್ಪಲ್ಲ. ಮಧ್ಯದವನು ಬೇಕಾಗಿದ್ದೇ ಪ್ರಿಂಟು ಕಮ್ಮಿ ಇದ್ದಿದ್ದಕ್ಕೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ನೂರು ರೂಪಾಯಿವರೆಗಿನ ಟಿಕೆಟಿಗೂ 18 ಪರ್ಸೆಂಟ್. 2019ರ ಜನವರಿಯಲ್ಲಿ ಅದು 12ಕ್ಕೆ ಇಳಿಯಿತು, ಸ್ವಲ್ಪ ಉಸಿರಾಡಿದೆವು. 2020ರ ಮಾರ್ಚಲ್ಲಿ ಕೊರೊನಾದಿಂದ ಟಾಕೀಸುಗಳು ಮುಚ್ಚಿದವು. ಅಕ್ಟೋಬರ್‌ನಲ್ಲಿ ಅರ್ಧ ಸೀಟಿಗೆ ಅನುಮತಿ ಸಿಕ್ಕಿತು. ಅಷ್ಟರಲ್ಲಿ ನಾವು ಆಫೀಸಿನ ಬೀಗದ ಕೈ ಮಾಲೀಕರಿಗೆ ಕೊಟ್ಟಾಗಿತ್ತು.

ಬಾಕಿ ವಸೂಲಿ ಮಾತ್ರ ಆಮೇಲೂ ನಡೆಯಿತು. ಒಂದು ಟಾಕೀಸನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಿದರು. ಕ್ಯಾಶ್ ಇಲ್ಲ ಅಂದರು ಮಾಲೀಕರು. ಪಾರ್ಟ್ನರ್ ಮಗಳ ಮದುವೆ ಅಲ್ಲೇ ಮಾಡಿ, ಬಾಡಿಗೆಯಲ್ಲಿ ಬಾಕಿ ಮುರಿದುಕೊಂಡೆವು. ಕರೆಂಟ್ ಬಿಲ್ ಬೇರೆ ಕೊಡಬೇಕಾಯಿತು.