ನನ್ನ ಟ್ರ್ಯಾಕ್ ಎಸ್ಟೀಮ್‌ಗೆ ಎಂಜಿನ್ ಆರಿಸಿದ್ದು ಹೀಗೆ

ಹಳೆಯ ಮಾರುತಿ ಎಸ್ಟೀಮ್ ಕಾರೊಂದನ್ನು ಬರೀ ರೇಸ್ ಟ್ರ್ಯಾಕ್‌ಗೆ ಅಂತ ಕಟ್ಟುತ್ತಿದ್ದೇನೆ ಅಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ಎಷ್ಟು ಎಚ್‌ಪಿ ಅಂತ. ನನ್ನ ತಲೆಯಲ್ಲಿ ಇದ್ದ ಪ್ರಶ್ನೆ ಬೇರೆ. ಈ ಎಂಜಿನ್ ಹೋದರೆ ಇನ್ನೊಂದು ಎಲ್ಲಿ ಸಿಗುತ್ತದೆ, ಎಷ್ಟಕ್ಕೆ? ಬೆಂಗಳೂರಿನವರಿಗೆ ಟ್ರ್ಯಾಕ್ ಅಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ಗಾಡಿಯನ್ನು ಟ್ರೇಲರ್ ಮೇಲೆ ಹೇರಿಕೊಂಡು 300 ಕಿ.ಮೀ.ಗೂ ಹೆಚ್ಚು ದೂರ ಹೋಗಿ, ಮೊದಲ ಸೆಷನ್ನಿಗೇ ಹೊಗೆ ಬಂದರೆ ಎಚ್‌ಪಿ ಕಟ್ಟಿಕೊಂಡು ಏನು ಮಾಡೋದು?

ಟರ್ಬೊ ಮೊದಲೇ ಬಿಟ್ಟೆ. ರಸ್ತೆಯಲ್ಲಿ ಅರ್ಧ ನಿಮಿಷ ಎಳೆಯುವುದು ಬೇರೆ, ನಮ್ಮ ಬಿಸಿಲಲ್ಲಿ ಇಪ್ಪತ್ತು ನಿಮಿಷ ಬಿಡದೆ ತುಳಿಯುವುದು ಬೇರೆ, ಅಷ್ಟು ಕಾವು ತಡೆಯುವುದು ಕಷ್ಟ.

ಮನಸ್ಸು ಓಡಿದ್ದು ಹಳೇ ಹೋಂಡಾ ಸಿಟಿಯ 1.5 ಲೀಟರ್ ವಿಟೆಕ್ ಎಂಜಿನ್ ಮೇಲೆ. 106 ಎಚ್‌ಪಿ, ಮೇಲಿನ ಆರ್‌ಪಿಎಂನಲ್ಲಿ ಆ ಸದ್ದು, ಯಾರಿಗೆ ಬೇಡ ಹೇಳಿ. ನಮ್ಮ ಮೆಕ್ಯಾನಿಕ್ ಸುಮ್ನೆ ಒಂದು ಮಾತು ಕೇಳಿದರು: "ಸಾರ್, ಎಂಜಿನ್ ತರ್ತೀರಿ ಸರಿ, ಗೇರ್‌ಬಾಕ್ಸ್ ಯಾವ ಕಡೆ ಬರುತ್ತೆ ನೋಡಿದ್ರಾ?" ಹೋಂಡಾದ ಆ ಡಿ ಸರಣಿಯ ಎಂಜಿನ್ ಹೆಚ್ಚಿನ ಕಂಪನಿಗಳ ಎಂಜಿನ್‌ಗಿಂತ ಉಲ್ಟಾ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ಗೇರ್‌ಬಾಕ್ಸ್ ಕೂರುವುದೂ ಎಸ್ಟೀಮ್‌ನ ಎದುರು ಬದಿಯಲ್ಲಿ. ಮೌಂಟ್, ಆಕ್ಸಲ್, ಗೇರ್ ಲಿಂಕೇಜ್, ವೈರಿಂಗ್ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಆಕ್ಸಲ್ ಒಂದು ಮುರಿದರೂ ಅಂಗಡಿಯಲ್ಲಿ ಸಿಗಲ್ಲ, ಮತ್ತೆ ಲೇತ್‌ಗೆ ಓಡಬೇಕು. ಅಲ್ಲಿಗೆ ಅದು ಮುಗಿಯಿತು.

ಉಳಿದದ್ದು ಹಳೇ ಮಾರುತಿ ಬಲೆನೊದ 1.6 ಲೀಟರ್ ಎಂಜಿನ್. ಎಸ್ಟೀಮ್‌ನ 1.3ಕ್ಕೆ ಅಣ್ಣ ಇದ್ದ ಹಾಗೆ, ಸುಜುಕಿಯ ಅದೇ ಜಿ ಸರಣಿ, 94 ಎಚ್‌ಪಿ. ಇದನ್ನು ಹಾಕಿಸಿದವರು ಬೇಕಾದಷ್ಟು ಜನ ಇದ್ದಾರೆ, ಟಾರ್ಕ್ ಚೆನ್ನಾಗಿದೆ, ಆಟೋಕ್ರಾಸ್ (ಬಯಲಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡಿಸುವುದು) ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90 ಮಿ.ಮೀ., 1.3ರದ್ದು 75.5. ಲೆಕ್ಕ ಹಾಕಿದರೆ 7000 ಆರ್‌ಪಿಎಂನಲ್ಲಿ 1.6ರ ಪಿಸ್ಟನ್ ಸರಾಸರಿ ವೇಗ ಸೆಕೆಂಡಿಗೆ 21 ಮೀಟರ್, 1.3ರದ್ದು ಹದಿನೇಳೂವರೆ ಚಿಲ್ಲರೆ. ಆರ್‌ಪಿಎಂ ಮೇಲಿಟ್ಟೇ ಓಡಿಸುವ ನನ್ನಂಥವನಿಗೆ ಈ ವ್ಯತ್ಯಾಸ ಸಣ್ಣದಲ್ಲ, ಆ ವೇಗದ ಹೊರೆ ಬೀಳುವುದು ಒಳಗಿರುವ ಕಂಪನಿಯ ಹಳೇ ಕನೆಕ್ಟಿಂಗ್ ರಾಡ್ ಮೇಲೆ ಅಲ್ವಾ. ಜೊತೆಗೆ ಬ್ಲಾಕ್ ಎತ್ತರವೂ ಜಾಸ್ತಿ, ಭಾರ ಮುಂದೆಯೇ ಜಾಸ್ತಿ ಕೂರುತ್ತದೆ.

ಹಾಗಾಗಿ 1.3ಕ್ಕೇ ನಿಂತೆ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಅಲ್ಲ, ಇಂಜೆಕ್ಷನ್ ಇರುವುದು), 85 ಎಚ್‌ಪಿ. ಕೇಳಿದವರು ನಕ್ಕರು. ನಗಲಿ. ಎಸಿ, ಹಿಂದಿನ ಸೀಟು ಎಲ್ಲ ಕಿತ್ತ ಮೇಲೆ ಗಾಡಿ ತುಂಬಾ ಹಗುರ. ಇಲ್ಲಿನ ಫಾರ್ಮುಲಾ ರೇಸ್ ಕಾರುಗಳಲ್ಲೂ ಸುಜುಕಿಯ 1.3 ಓಡಿದೆ, ಅದರ ಸಿಲಿಂಡರ್ ಹೆಡ್ ಕೆಲಸ ಗೊತ್ತಿರುವವರು ಕೊಯಮತ್ತೂರು, ಚೆನ್ನೈ ಕಡೆ ಸಿಗುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗ್, ರಿಂಗ್, ಗ್ಯಾಸ್ಕೆಟ್ ಹುಡುಕಲು ಒದ್ದಾಡಬೇಕಿಲ್ಲ.

ಗುಜರಿಯಿಂದ ಎರಡು ಎಂಜಿನ್ ತಂದೆ, ಒಂದು ಸ್ಪೇರ್. ತರುವ ಮೊದಲು ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) ನೋಡಿಸಿ. ಬರೀ ಸಂಖ್ಯೆ ಎಷ್ಟು ಅಂತಲ್ಲ, ನಾಲ್ಕು ಸಿಲಿಂಡರ್ ನಡುವೆ 10%ಗಿಂತ ಜಾಸ್ತಿ ಫರಕು ಇರಬಾರದು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಬಣ್ಣದ ಕೆಸರು ಕಂಡರೆ ಹುಷಾರು, ನೀರು ಸೇರಿರಬಹುದು. ಹೆಡ್ ಅಲ್ಯೂಮಿನಿಯಂ, ಒಮ್ಮೆ ಕಾದು ಬಗ್ಗಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ನಿಲ್ಲಲ್ಲ, ಆದ್ದರಿಂದ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ಫೀಲರ್ ಗೇಜ್‌ನಲ್ಲಿ ನೋಡಲೇಬೇಕು.

ಮಿಕ್ಕ ದುಡ್ಡಲ್ಲಿ ಮೊದಲು ಮಾಡಿಸಿದ್ದು ಆಯಿಲ್ ಚೇಂಬರ್ ಒಳಗೆ ತಡೆ ತಗಡು. ಇರುಂಗಾಟ್ಟುಕೋಟೈನ ಸಿ1 (ಮೊದಲನೆಯ) ತಿರುವಿನಂಥ ಉದ್ದನೆಯ ವೇಗದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆದರೆ ಬೇರಿಂಗ್ ಕಥೆ ಮುಗಿದಂತೆ. ಆಮೇಲೆ ಆಯಿಲ್ ಕೂಲರ್, ದೊಡ್ಡ ರೇಡಿಯೇಟರ್, ಬ್ರೇಕ್ ಪ್ಯಾಡ್, ಒಳ್ಳೆ ಟೈರ್. ವಾಲ್ವ್ ತೆರೆಯುವ ಕ್ಯಾಮ್ ಇನ್ನೂ ಕಂಪನಿಯದೇ ಇದೆ. ಟೈರ್‌ನ ಹಿಡಿತ ಪೂರ್ತಿ ಬಳಸಲು ಬಂದ ಮೇಲೆ ಅದರ ಯೋಚನೆ.